ಹಳೆಯದು ಯಾವುದು?

2019ರ ಜುಲೈ 18, ಗುರುವಾರ ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಪೂನೊ ಊರಿನ ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ಗಾಳಿ ನುಗ್ಗಿತು. ನಾಲ್ಕು ವಿಭಾಗಗಳಿಗೆ ಇದ್ದದ್ದು ಒಂದೇ ತಕ್ಕಡಿ. ಅದರ ಪಕ್ಕ ಹೆಸರಿನ ಚೀಟಿಗಳ ಮೇಲಿಟ್ಟಿದ್ದ ಎರಡು ಚುನ್ಯೊ, ಅಂದರೆ ಹಿಮದಲ್ಲಿ ಒಣಗಿಸಿದ ಕಪ್ಪು ಆಲೂಗಡ್ಡೆ, ಉರುಳಿ ಬೆರೆತುಹೋದವು. ಒಂದು, ಆಹಾರ ವಿಜ್ಞಾನದ ನಿಲ್ಡಾ ಹೋದ ವರ್ಷ ಸಂತೆಯಲ್ಲಿ ಕೊಂಡದ್ದು. ಇನ್ನೊಂದನ್ನು ಪುರಾತತ್ವದ ಎಡಿಲ್ಬೆರ್ಟೊ ಆರುನೂರು ವರ್ಷದ ಸಮಾಧಿಯೊಂದರಿಂದ ತೆಗೆದಿದ್ದ. ಅವನಿಗೆ ಸಿಕ್ಕಿದ್ದು ಅದೊಂದೇ. ಕಾಲನಿರ್ಣಯಕ್ಕಾಗಿ ಅದು ಮಧ್ಯಾಹ್ನದ ಬಸ್ಸಿನಲ್ಲಿ ರಾಜಧಾನಿ ಲೀಮಾಕ್ಕೆ ಹೊರಡಬೇಕಿತ್ತು.

"ಇದರಲ್ಲಿ ನಿಂದು ಯಾವ್ದೇ?" ಎಂದ ಎಡಿಲ್ಬೆರ್ಟೊ.

"ನನ್ನ ಕೇಳ್ತೀಯಲ್ಲ! ಹೆಣದ ಪಕ್ಕ ಮೂರು ವಾರ ಮಣ್ಣು ಕೆರೆದವನು ನೀನು."

ಕಸ ಗುಡಿಸುತ್ತಿದ್ದ ಡೋನ್ಯಾ ಸತುರ್ನೀನಾ ಎರಡನ್ನೂ ಮೂಸಿ ನೋಡಿದಳು. "ಎರಡೂ ಸಾರಿಗಾಗ್ತವೆ ಬಿಡಿ, ಡಾಕ್ಟರೇ. ಇಷ್ಟೊಂದು ಓದಿದ್ದೀರಿ, ಇದೊಂದು ಗೊತ್ತಾಗಲ್ವಾ?"

"ನಗಬೇಡಿ ಅಮ್ಮಾ. ತಪ್ಪಿದ್ದನ್ನ ಕಳಿಸಿದ್ರೆ ನನ್ನ ನಾಲ್ಕು ವರ್ಷದ ಕೆಲಸ ನೀರುಪಾಲು."

ಆರು ಶತಮಾನ ಒಣಗಿದ ಗಡ್ಡೆಯಲ್ಲಿ ನೀರಿನಂಶ ಕಡಿಮೆ ಇರಲೇಬೇಕು ಎಂದು ನಿಲ್ಡಾಗೆ ಹೊಳೆಯಿತು. ಎರಡರಿಂದಲೂ ಚಿಟಿಕೆಯಷ್ಟು ಕೆರೆದು, ಮೊದಲನೆಯದನ್ನು ತೇವಮಾಪಕದಲ್ಲಿಟ್ಟಳು. ಶೇಕಡಾ 11.8 ಬಂತು. "ಇದು ನಂದೇ," ಎಂದಳು. ಹಾಗೆ ಹೇಳಲು ಆಧಾರವೇನೆಂದು ಅವಳಿಗೇ ತಿಳಿಯಲಿಲ್ಲ. ಎರಡನೆಯ ಚಿಟಿಕೆ ಇಟ್ಟಾಗ ಇಬ್ಬರೂ ಅದರತ್ತ ಬಾಗಿದರು. ಡೋನ್ಯಾ ಸತುರ್ನೀನಾ ಕೂಡ ಪೊರಕೆಗೆ ಒರಗಿ ನಿಂತಳು. ಅಂಕಿಗಳು ಮೇಲೆ ಕೆಳಗೆ ಆಡಿ ಕೊನೆಗೆ ನಿಂತವು.

ಶೇಕಡಾ 11.8.