ಒಡೆಯದ ಲಕೋಟೆ

ಕಡತದಿಂದ ಪಠ್ಯಕ್ರಮದ ಲಕೋಟೆಯನ್ನು ಎತ್ತಿ, ಬೇರೆ ಕಾಲೇಜಿನಿಂದ ವರ್ಗವಾಗಿ ಬಂದಿದ್ದ ಅವಳು ಮೇಲ್ಮನವಿ ಸಮಿತಿಯ ಮುಂದೆ ಹಿಡಿದಳು. ಹಳೇ ಕಾಲೇಜಿನ ಅರಗಿನ ಮುದ್ರೆ ಒಡೆದೇ ಇರಲಿಲ್ಲ. ಇದನ್ನೇ "ಓದಿ ಪರಿಶೀಲಿಸಿದೆ" ಎಂದು ಸಹಿ ಹಾಕಿ, ವಿಭಾಗದ ಮುಖ್ಯಸ್ಥರು ಅವಳ ಎರಡು ವರ್ಷದ ಕ್ರೆಡಿಟ್‌ಗಳನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿದ್ದರು.

"ಅಂಥ ಕಾಲೇಜಿನದ್ದು ಹೆಸರು ನೋಡಿದ್ರೆ ಸಾಕು, ತಾಯಿ," ಮುಖ್ಯಸ್ಥರು ನಕ್ಕರು. "ಮೊದಲ ವರ್ಷದಿಂದ ಕೂತ್ಕೋ. ತಳಪಾಯ ಗಟ್ಟಿಯಾಗುತ್ತೆ."

"ಮುಖ ನೋಡಿ ಮಣೆ ಹಾಕೋರು ಲಕೋಟೆ ಯಾಕೆ ಒಡೀತಾರೆ? ಈಗ್ಲಾದ್ರೂ ಓದಿ ಸಾರ್. ಜೋರಾಗಿ." ಇಷ್ಟು ಹೇಳಲು ಅವಳು ಆರು ತಿಂಗಳು ಹಲ್ಲು ಕಚ್ಚಿಕೊಂಡು ಕಾದಿದ್ದಳು. ಸಮಿತಿಯ ಅಧ್ಯಕ್ಷೆ "ಓದಿ" ಎಂದು ತಲೆಯಾಡಿಸಿದರು. ಮುಖ್ಯಸ್ಥರು ಅರಗು ಒಡೆದು ಘಟಕ ಒಂದು, ಎರಡು ಎಂದು ಗಡಗಡ ಓದಿ, ಕಡ್ಡಾಯ ಪಠ್ಯಪುಸ್ತಕದ ಸಾಲಿಗೆ ಬಂದು ನಿಂತುಬಿಟ್ಟರು.

"ಯಾರು ಬರೆದಿದ್ದಂತೆ?" ಅಧ್ಯಕ್ಷೆ ಕೇಳಿದರು.

"ನಂದೇ... ನನ್ನ ಪುಸ್ತಕ," ಎಂದು ಅವರು ಹಾಳೆಯನ್ನು ಮೇಜಿನ ಮೇಲೆ ಮಗುಚಿಟ್ಟರು.

ಅವಳು ತಿರಸ್ಕಾರದ ಆದೇಶವನ್ನೂ ಪೆನ್ನನ್ನೂ ಅವರತ್ತ ಮೆಲ್ಲಗೆ ತಳ್ಳಿದಳು. "ಎರಡು ವರ್ಷ ಅದನ್ನೇ ಅರೆದು ಕುಡಿದಿದ್ದೀನಿ ಸಾರ್. ಅದು ಯಾವ ಲೆಕ್ಕಕ್ಕೂ ಬರಲ್ಲ ಅಂತ, ಇವರೆಲ್ಲರ ಎದುರಿಗೆ, ಇನ್ನೊಂದು ಸಲ ಸಹಿ ಹಾಕಿ."