ಭದ್ರಾವತಿ ಮಂತ್ರ

‘ಹ್ಯಾವ್’ ಬರುತ್ತಿತ್ತು, ‘ರನ್’ ಬರುತ್ತಿತ್ತು. ಎರಡೂ ಒಟ್ಟಿಗೆ ಬಾಯಿಗೆ ಬರುವುದಿಲ್ಲ ಎಂದು ಹಟ ಹಿಡಿದಿದ್ದವು. ಶಿವಮೊಗ್ಗದ ಗಾಂಧಿ ಬಜಾರಿನ ತಮ್ಮ ಬಟ್ಟೆ ಅಂಗಡಿಯಲ್ಲಿ ಸುಮನಾ ಒಂದೇ ಸೀರೆಯನ್ನು ಮಡಚುತ್ತ, ಬಿಚ್ಚುತ್ತ, ಮತ್ತೆ ಮಡಚುತ್ತ ಗುನುಗುತ್ತಿದ್ದಳು: “ಐ ಹ್ಯಾವ್ ರನ್ ದಿಸ್ ಶಾಪ್ ಫಾರ್ ನೈನ್ ಇಯರ್ಸ್.” ಹೊರಗೆ ಯಾವ ಕಾರು ನಿಂತರೂ ಬಾಗಿಲ ಕಡೆ ಕತ್ತು ಚಾಚುತ್ತಿದ್ದಳು. ಕೊಯಮತ್ತೂರಿನ ಸೀರೆ ಕಂಪನಿಯ ಅಧಿಕಾರಿ ಇವತ್ತು ಬರುವವನಿದ್ದ. ಇಡೀ ಶಿವಮೊಗ್ಗಕ್ಕೆ ಒಂದೇ ಏಜೆನ್ಸಿ. ಅಂಗಡಿಯನ್ನು ಯಾರು ನಡೆಸಿಕೊಂಡು ಬಂದಿದ್ದಾರೋ ಅವರ ಹೆಸರಿಗೇ ಕೊಡುವುದು ಎಂದು ತಿಂಗಳುಗಳ ಹಿಂದೆಯೇ ಫೋನಿನಲ್ಲಿ ಹೇಳಿದ್ದ. ಅವಳಿಗೆ ಅದು ಬೇಕಿತ್ತು. ತನ್ನ ಹೆಸರಿಗೇ ಬೇಕಿತ್ತು.

ನಡೆಸುತ್ತಿದ್ದವಳು ಅವಳೇ ತಾನೆ? ಗಂಡ ವಿಶ್ವಾರಾಧ್ಯ ಕಾಲೇಜು ಮೇಷ್ಟ್ರು; ತಾನಾಯಿತು, ತನ್ನ ಪಾಠವಾಯಿತು. ಮಾವ ಪರಮೇಶ್ವರಪ್ಪನವರು ಮಂಡಿನೋವು ಬಂದಮೇಲೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಂದು ಗಲ್ಲಾದ ಮುಂದೆ ಕೂರುತ್ತಾರೆ, ಅಷ್ಟೇ. ಮಾಲು ಆರಿಸಿ ತರಿಸುವುದು, ಮದುವೆ ಜವಳಿಗೆ ಬಂದವರನ್ನು ಪಕ್ಕದ ಅಂಗಡಿಗೆ ಜಾರದಂತೆ ಹಿಡಿದಿಡುವುದು ಎಲ್ಲ ಸುಮನಾಳದೇ. ಆದರೆ ಗಿರಾಕಿ ದರ ಕೇಳಿದರೆ ಅವಳು ಮೆಲ್ಲಗೆ ಮಾವನಿಗೆ ಹೇಳಬೇಕು, ಮಾವ ಅದನ್ನೇ ಗಟ್ಟಿಯಾಗಿ ಗಿರಾಕಿಗೆ ಹೇಳಬೇಕು. ಎದುರಿಗೇ ಕೂತ ಗಿರಾಕಿಗೆ ಎರಡೂ ಕೇಳಿಸುತ್ತಿತ್ತು. ಯಾರೂ ನಗುತ್ತಿರಲಿಲ್ಲ; ದೊಡ್ಡವರು ಕೂತ ಅಂಗಡಿ ನಡೆಯುವುದೇ ಹಾಗೆ.

ಮಾವನೆದುರು ‘ಅಂಗಡಿ ನಡೆಸುವವಳು ನಾನು’ ಎಂದು ಕನ್ನಡದಲ್ಲಿ ಹೇಳುವುದು ಅವಳಿಂದ ಈ ಜನ್ಮದಲ್ಲಿ ಆಗದ ಮಾತು. ಇಂಗ್ಲಿಷಿನಲ್ಲಾದರೆ ಅಧಿಕಾರಿಗೆ ತಿಳಿಯುತ್ತದೆ, ಮಾವನಿಗೆ ತಿಳಿಯುವುದಿಲ್ಲ. ಈ ಉಪಾಯ ಹೊಳೆದದ್ದೇ ತಡ, ಅಂಗಡಿಗೆ ರಜೆಯಿರುವ ಭಾನುವಾರಗಳಲ್ಲಿ ಇಂಗ್ಲಿಷ್ ಕಲಿಯಲು ಬಸ್ಸು ಹತ್ತಿ ಭದ್ರಾವತಿಗೆ ಹೋಗತೊಡಗಿದಳು. ಮನೆಯ ಹತ್ತಿರ ಆಲ್ಕೊಳದಲ್ಲೂ ಒಂದು ಕ್ಲಾಸು ಇತ್ತು. ಅಲ್ಲಿ ಪಕ್ಕದ ಬೆಂಚಿನಲ್ಲಿ ಕೂರುವವರೆಲ್ಲ ಗಿರಾಕಿಗಳ ಮಕ್ಕಳು, ಮಾನ ಹೋಗುತ್ತದೆ.

ಭದ್ರಾವತಿಯ ಕಾಗದನಗರದಲ್ಲಿ ಪಾಠ ಹೇಳಿದವರು ನಿವೃತ್ತ ಮೇಡಂ ಸುಭದ್ರಮ್ಮ. ಮೊದಲ ದಿನ ಸುಮನಾ “ಐ ರ‍್ಯಾನ್ ದಿಸ್ ಶಾಪ್” ಅಂದಾಗ ಅವರು ಬಿದ್ದು ಬಿದ್ದು ನಕ್ಕಿದ್ದರು.

“ಹಾಗಂದ್ರೆ ಅಂಗ್ಡಿ ಬಾಗ್ಲು ಹಾಕ್ಕೊಂಡು ಹೋದೆ ಅಂತಾಗುತ್ತೆ ಮಾರಾಯ್ತಿ! ಹಿಂದೆ ಶುರುವಾಗಿದ್ದು, ಇವತ್ತಿಗೂ ಬಿಟ್ಟಿಲ್ಲ. ಅಂಥದ್ದಕ್ಕೇ ಪ್ರೆಸೆಂಟ್ ಪರ್ಫೆಕ್ಟ್ ಇರೋದು. ಐ ಹ್ಯಾವ್ ರನ್. ಎಲ್ಲಿ, ಎದೆ ಮೇಲೆ ಕೈಯಿಟ್ಕೊಂಡು ಹೇಳು. ಐ!”

“ಐ” ಎಂದ ದನಿ ಬಾವಿಯ ತಳದಿಂದ ಬಂದಂತಿತ್ತು. ವ್ಯಾಕರಣವೇನೋ ಬೇಗ ತಲೆಗೆ ಹತ್ತಿತು. ಆ ‘ಐ’ ಬಾಯಿಂದ ಹೊರಡಲು ತಿಂಗಳುಗಟ್ಟಲೆ ಹಿಡಿಯಿತು.

“ಏನಮ್ಮ, ಭದ್ರಾವತಿ ಮಂತ್ರ ಬಾಯಿಪಾಠ ಆಯ್ತಾ?” ಇವತ್ತು ಅವಳ ಗುನುಗು ಕಿವಿಗೆ ಬಿದ್ದು, ಗಲ್ಲಾದ ಮುಂದೆ ಕೂತಿದ್ದ ಮಾವ ಪೇಪರಿನಿಂದ ತಲೆಯೆತ್ತದೆ ಕೇಳಿದರು.

“ಆಯ್ತು ಮಾವ” ಎಂದಳು. ಆಗಿರಲಿಲ್ಲ. ಅಷ್ಟರಲ್ಲಿ ಕಾರು ನಿಂತೇಬಿಟ್ಟಿತು.

ಬಂದವನು ಎಳೆಯ ಪ್ರಾಯದವನು, ಕನ್ನಡ ಬಾರದು, ಕೈಯಲ್ಲೊಂದು ಟ್ಯಾಬ್. ಕಾಫಿ ಕುಡಿದ, ರ‍್ಯಾಕುಗಳನ್ನೆಲ್ಲ ನೋಡಿದ, ಯಾವ ಬಣ್ಣ ಯಾವ ತಿಂಗಳು ಓಡುತ್ತದೆ ಎಂದು ಕೆದಕಿದ. ಸುಮನಾ ಎಲ್ಲಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ತನ್ನ ಬಾಯಿಗೆ ತಾನೇ ಬೆರಗಾದಳು. ಕೊನೆಗೆ ಅವನು ಟ್ಯಾಬಿನ ಮೇಲೆ ಬೆರಳಿಟ್ಟು ಕೇಳಿದ: “ಸೋ, ಹೂ ಹ್ಯಾಸ್ ರನ್ ದಿಸ್ ಶಾಪ್ ಆಲ್ ದೀಸ್ ಇಯರ್ಸ್?”

ಅದರಲ್ಲಿ ‘ಶಾಪ್’ ಒಂದು ಮಾವನಿಗೆ ತಿಳಿಯಿತು. ಪೇಪರು ಮಡಚಿಟ್ಟು, ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು, ನೆಟ್ಟಗೆ ಕೂತು ಸೊಸೆಯ ಮುಖ ನೋಡಿದರು. ಅವರು ಮಾಡಿದ್ದು ಅಷ್ಟೇ, ಪಾಪ. ಎದೆಯವರೆಗೆ ಏರಿದ್ದ ಸುಮನಾಳ ಕೈ ಸೆರಗು ಸರಿಮಾಡಿಕೊಂಡು ಕೆಳಗಿಳಿಯಿತು. ಬಾಯೊಳಗಿನ ಮಾತು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

“ಮೈ ಫಾದರ್ ಇನ್ ಲಾ” ಎಂದಳು. “ಹಿ ಹ್ಯಾಸ್ ರನ್ ದಿಸ್ ಶಾಪ್.”

ಒಂದಕ್ಷರ ತಪ್ಪಿರಲಿಲ್ಲ. ಸುಭದ್ರಮ್ಮ ಅಲ್ಲಿದ್ದಿದ್ದರೆ ನೂರಕ್ಕೆ ನೂರು ಕೊಟ್ಟು, ಬೆನ್ನಿಗೊಂದು ಗುದ್ದನ್ನೂ ಕೊಡುತ್ತಿದ್ದರು. ಅಧಿಕಾರಿ ಹಿರಿಯರ ಕಡೆ ತಿರುಗಿ ಹೆಸರು ಕೇಳಿದ. “ಪರಮೇಶ್ವರಪ್ಪ!” ಮಾವ ಗಟ್ಟಿಯಾಗಿ ಹೇಳಿದರು. ಅವನು ಅದನ್ನೇ ಟೈಪ್ ಮಾಡಿಕೊಂಡ, ಅವರ ಕೈ ಕುಲುಕಿದ, ಹೋದ.

ಸುಮನಾಳಿಗೆ ತನ್ನ ಮೇಲೇ ಕೋಪ ಉಕ್ಕಿ ಬಂತು. ಮಡಚಿದ ಸೀರೆಯನ್ನು ರ‍್ಯಾಕಿಗೆ ತುರುಕಿದಳು. ಅದು ಜಾರಿ ಬಿತ್ತು. ಎತ್ತಿಕೊಳ್ಳದೆ ಹಾಗೇ ನಿಂತಳು.

“ಏನಂದ್ಯಮ್ಮ ಆ ಹುಡ್ಗಂಗೆ?” ಮಾವ ಕೇಳಿದರು.

“ಇಷ್ಟು ವರ್ಷ ಅಂಗ್ಡಿ ನಡೆಸ್ಕೊಂಡು ಬಂದಿರೋದು ನೀವೇ ಅಂತ ಹೇಳ್ದೆ ಮಾವ.”

ಪರಮೇಶ್ವರಪ್ಪನವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ನಿಧಾನವಾಗಿ ಒರೆಸಿದರು. ಅದನ್ನು ಮತ್ತೆ ಹಾಕಿಕೊಂಡ ಮೇಲೂ ಸೊಸೆಯ ಕಡೆ ನೋಡಲಿಲ್ಲ.

“ಆ ಸುಳ್ಳು ಹೇಳೋಕೆ ಅಷ್ಟು ದೂರ ಹೋಗಿ ಇಂಗ್ಲಿಷ್ ಕಲೀಬೇಕಿತ್ತೇನಮ್ಮ? ಕನ್ನಡದಲ್ಲಿ ನಾನೇ ಹೇಳ್ತಾ ಇದ್ನಲ್ಲ.”