ಮೇಸ್ತ್ರಿ ಹೊಗಳಿದ ವಾರ

ಮುದುಕನಿಗೆ ಮರೆವು, ಇದ್ದದ್ದಕ್ಕೆ ಬಾಲ ಸೇರಿಸಿ ಹೇಳುತ್ತಾನೆ ಅನ್ನುವವರು ಸ್ವಲ್ಪ ಬಾಯಿ ಮುಚ್ಚಿಕೊಂಡು ಕೇಳಿ. ಕನ್ನಡಕ ತಲೆಯ ಮೇಲಿಟ್ಟುಕೊಂಡೇ ಮನೆಯೆಲ್ಲ ಹುಡುಕುತ್ತೇನೆ, ನಿಜ. ಹಾಗಂತ ಮೇಸ್ತ್ರಿಯ ಪ್ರಸಂಗ ಮರೆಯುವುದುಂಟೇ?

ಭಾನುವಾರದ ಆರಾಧನೆ ಮುಗಿದ ಮೇಲೆ ಪಾಸ್ಟರು ಮೇಸ್ತ್ರಿಯನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡರು. “ಸಭೆ ಬೆಳೀತಾ ಇದೆ ಮೇಸ್ತ್ರಿ. ನಿಮ್ಮ ತಂಡ ಮಾತ್ರ ಕರಗ್ತಾ ಇದೆ.”

ಆ ಸಭೆಗೆ ಸ್ವಂತ ಕಟ್ಟಡವಿಲ್ಲ. ಶಾಲೆಯ ಹಾಲು ಬಾಡಿಗೆಗೆ. ಭಾನುವಾರ ಬೆಳಗ್ಗೆ ಕುರ್ಚಿ ಹಾಕಬೇಕು, ಮುಗಿದ ಮೇಲೆ ಮಡಚಿ ಒಳಗಿಡಬೇಕು. ಜೀವಮಾನವೆಲ್ಲ ಗೋಡೆ ಕಟ್ಟಿದ ಮೇಸ್ತ್ರಿ ಆ ತಂಡದ ಮುಖ್ಯಸ್ಥ. ಕರಣೆ ಕೆಳಗಿಟ್ಟ ಮೇಲೆ ಅವನಿಗೆ ಉಳಿದಿದ್ದ ಕೆಲಸ ಅದೊಂದೇ. ಗೋಡೆಗೆ ಹಿಡಿದ ಹಾಗೆ ಕುರ್ಚಿ ಸಾಲಿಗೂ ದಾರ ಹಿಡಿಯುತ್ತಿದ್ದ. “ಇದೇನು ಸಾಲಾ, ಹಾವು ಹರಿದ ದಾರಿಯಾ?” ಅಂತ ಬೈದು, ಹಾಕಿದವರ ಕಣ್ಣೆದುರೇ ಕುರ್ಚಿ ಎಳೆದು ಮತ್ತೆ ಹಾಕುತ್ತಿದ್ದ. ಪುಕ್ಕಟೆ ಕೆಲಸ ಮಾಡಲು ಬಂದವರು ಬೈಗುಳವನ್ನೂ ಪುಕ್ಕಟೆ ಎಷ್ಟು ಭಾನುವಾರ ತಿಂದಾರು? ನರ್ಸಮ್ಮ ಬಿಟ್ಟಳು. ಲಾರಿ ಡ್ರೈವರ್ ಬಿಟ್ಟ. ಬೇಕರಿಯ ಗಂಡ ಹೆಂಡತಿ ಜೋಡಿಯಾಗಿಯೇ ಬಿಟ್ಟರು. ಉಳಿದವರು ಇಬ್ಬರೇ ತಾತಂದಿರು. ಇಬ್ಬರಿಗೂ ಕಿವಿ ಮಂದ, ಅದಕ್ಕೇ ಉಳಿದಿದ್ದರು.

“ಮುಂದಿನ ತಿಂಗಳಿಂದ ಎರಡು ಆರಾಧನೆ,” ಅಂದರು ಪಾಸ್ಟರು. “ಬಿಟ್ಟು ಹೋದವರಿಗೆ ಒಂದೊಂದು ಒಳ್ಳೇ ಮಾತು ಹೇಳಿ, ವಾಪಸ್ ಕರೀರಿ. ಆಗಲ್ಲ ಅಂದ್ರೆ ಬೇಜಾರಿಲ್ಲ, ಬೇರೆಯವರಿಗೆ ಒಪ್ಪಿಸ್ತೀನಿ.”

ಬೇರೆಯವರಿಗೆ. ಆ ಮಾತು ಮೇಸ್ತ್ರಿಗೆ ಊಟದ ತಟ್ಟೆಯ ತನಕ ಚುಚ್ಚಿತು.

“ಹೊಗಳೋದು ಹೇಗೆ ಕಣೇ?” ಅಂತ ಹೆಂಡತಿಯನ್ನು ಕೇಳಿದ.

“ಮೊದಲು ನನ್ನ ಮೇಲೆ ಅಭ್ಯಾಸ ಮಾಡಿ.”

ಮೇಸ್ತ್ರಿ ಅವಳನ್ನು ಮೇಲಿಂದ ಕೆಳಗೆ ನೋಡಿದ. ಗಂಟಲು ಸರಿಮಾಡಿಕೊಂಡ. “ನೀನು... ಪರವಾಗಿಲ್ಲ.”

“ಇಷ್ಟು ವರ್ಷಕ್ಕೆ ಇಷ್ಟಾದರೂ ಬಂತಲ್ಲ. ಈಗ ಅವರಿಗೆ ಫೋನ್ ಮಾಡಿ, ಆದರೆ ಇದಕ್ಕಿಂತ ಒಂಚೂರು ಜಾಸ್ತಿ ಹೇಳಿ. ನಿಮ್ಮ ಕಣ್ಣಿಗೆ ಬಿದ್ದದ್ದನ್ನೇ ಹೇಳಿ.”

ಮೇಸ್ತ್ರಿ ಫೋನ್ ಹಿಡಿದು ಕೂತ. ನರ್ಸಮ್ಮನಿಗೆ ಹೇಳಿದ: “ನೀನು ಕುರ್ಚಿ ಮಡಚಿದರೆ ಸದ್ದೇ ಬರಲ್ಲ ತಾಯಿ. ಮಡಿಲಲ್ಲಿ ಮಲಗಿದ ಮಗು ಕೂಡ ಏಳಲ್ಲ. ಅವತ್ತೇ ಹೇಳಬೇಕಾಗಿತ್ತು.” ಡ್ರೈವರಿಗೆ ಹೇಳಿದ: “ನಿನ್ನ ಸಾಲು ನಾನು ಎಳೆದಾಡಿದ್ದು ಅದು ಸೊಟ್ಟಗಿತ್ತು ಅಂತ ಅಲ್ಲಪ್ಪಾ. ಅದು ನನ್ನ ಚಟ.” ಇಬ್ಬರೂ ‘ಹೂಂ’ ಅಂದು ಫೋನ್ ಇಟ್ಟುಬಿಟ್ಟರು. ಹೇಳಿದ್ದು ಕೆಲಸಕ್ಕೆ ಬರಲಿಲ್ಲ ಅಂದುಕೊಂಡು ಮೇಸ್ತ್ರಿ ಕಂಬಳಿ ಹೊದ್ದು ಮಲಗಿಬಿಟ್ಟ.

ಅತ್ತ ಫೋನಿನಿಂದ ಫೋನಿಗೆ ಸುದ್ದಿ ಹಬ್ಬಿತು. ನರ್ಸಮ್ಮ ಗಟ್ಟಿಯಾಗಿ ಹೇಳಿದಳಂತೆ, “ವಾರ್ಡಲ್ಲಿ ಎಷ್ಟು ಜನರನ್ನ ನೋಡಿಲ್ಲ ನಾನು. ಅಂಥ ಮನುಷ್ಯ ಇಂಥ ಮಾತು ಆಡ್ತಾನೆ ಅಂದ್ರೆ ಡಾಕ್ಟರು ಕೈಬಿಟ್ಟಿರಬೇಕು.” ಸಂಜೆಗೆ ಬಿಟ್ಟು ಹೋದವರೆಲ್ಲ ಹಣ್ಣಿನ ಚೀಲ ಹಿಡಿದು, ಪಾಸ್ಟರನ್ನೂ ಕರೆದುಕೊಂಡು ಮೇಸ್ತ್ರಿಯ ಮನೆಗೆ ಬಂದರು. ಬಾಗಿಲು ತೆಗೆದ ಹೆಂಡತಿ ಬಾಯಿ ತೆರೆಯುವುದರೊಳಗೆ ಮಂಚದ ಸುತ್ತ ನಿಂತಿದ್ದರು. ಕಂಬಳಿ ಹೊದ್ದ ಮೇಸ್ತ್ರಿಯನ್ನು ನೋಡಿ ಬೇಕರಿಯ ಹೆಂಗಸು ಕಣ್ಣೊರೆಸಿಕೊಂಡಳು. ಪಾಸ್ಟರು ಕಣ್ಣು ಮುಚ್ಚಿ ಶುರುಮಾಡಿದರು.

“ಕರ್ತನೇ, ನಿನ್ನ ದಾಸನು ಈ ಲೋಕ ಬಿಟ್ಟು ಹೊರಡುವ ಹೊತ್ತಿನಲ್ಲಿ...”

“ಯಾವನು ಹೊರಟಿದ್ದು?” ಅಂತ ಮೇಸ್ತ್ರಿ ಎದ್ದು ಕೂತ.

ಡ್ರೈವರ್ ಎರಡು ಹೆಜ್ಜೆ ಹಿಂದೆ ಸರಿದ. ಕಾಯಿಲೆ ಇಲ್ಲ, ಸುಡುಗಾಡಿಲ್ಲ, ಹೊಗಳಿ ಅಂತ ಪಾಸ್ಟರೇ ಹೇಳಿದ್ದರು ಅಂತ ಹೆಂಡತಿ ನಗುತ್ತ ಬಿಡಿಸಿ ಹೇಳಿದಳು. ಪಾಸ್ಟರು ಸೂರು ನೋಡಿದರು. ಎಲ್ಲರೂ ನಕ್ಕರು, ಡ್ರೈವರ್ ಒಬ್ಬ ನಗಲಿಲ್ಲ.

“ಅಂದ್ರೆ ಹೇಳಿಕೊಟ್ಟ ಮಾತು,” ಅಂದ. “ನಾನು ನಿಜ ಅಂದ್ಕೊಂಡು ಮನೇಲಿ ಹೆಂಡತಿಗೂ ಹೇಳಿಬಿಟ್ಟೆ.”

ಹೇಳಿ ಬಾಗಿಲ ಕಡೆ ತಿರುಗಿದ. ಇವನು ಈಗ ಬಾಗಿಲು ದಾಟಿದರೆ ಉಳಿದವರೂ ಹಿಂದೆಯೇ ಹೋಗುತ್ತಾರೆ, ತಂಡ ಅಲ್ಲಿಗೆ ಮುಗಿಯಿತು ಅನ್ನುವುದು ಮೇಸ್ತ್ರಿಗೆ ಗೊತ್ತಿತ್ತು.

“ಹೊಗಳು ಅಂದವರು ಪಾಸ್ಟರು,” ಅಂದ ನಿಧಾನವಾಗಿ. “ಏನನ್ನ ಹೊಗಳಬೇಕು ಅಂತ ಅವರೇನೂ ಹೇಳಿಕೊಡಲಿಲ್ಲ. ಅವರು ಬರೋದೇ ಕುರ್ಚಿ ಹಾಕಿ ಆದ ಮೇಲೆ. ನಿಮ್ಮ ಕೆಲಸ ನೋಡಿದ್ದು ನಾನು. ನೋಡಿಯೂ ಬೈದೆ, ಅದು ಬೇರೆ ಮಾತು.”

ಡ್ರೈವರ್ ಹಣ್ಣಿನ ಚೀಲ ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡು ಕೂತ. ನರ್ಸಮ್ಮ ಸೆರಗು ಸಿಕ್ಕಿಸಿದಳು. “ಸಾಯೋ ಮನುಷ್ಯ, ಕ್ಷಮಿಸಿ ಕಳಿಸೋಣ ಅಂತ ಬಂದಿದ್ದೆ. ಬದುಕಿಬಿಟ್ಟಿದ್ದೀರಲ್ಲ, ಇನ್ನು ನಾವು ಕೆಲಸಕ್ಕೇ ಬರಬೇಕು.”

ಮುಂದಿನ ಭಾನುವಾರ ಎಲ್ಲರೂ ಬಂದರು. ಡ್ರೈವರ್ ಹಾಕಿದ ಮೂರನೇ ಸಾಲು ಮಾತ್ರ ನಡುವೆ ಬಿಲ್ಲಿನ ಹಾಗೆ ಬಾಗಿತ್ತು. ಮೇಸ್ತ್ರಿ ಅದನ್ನು ನೋಡಿದ. ಡ್ರೈವರ್ ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಸೀದಾ ಹೋಗಿ ಆ ಬಾಗಿದ ಜಾಗದ ಕುರ್ಚಿಯಲ್ಲೇ ಕೂತುಬಿಟ್ಟ, ಎರಡು ಕೈಗಳನ್ನೂ ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡು.

“ಚಳಿಯೇನ್ರೀ?” ಅಂತ ಪಕ್ಕದಲ್ಲಿ ಕೂತ ಹೆಂಡತಿ ಕೇಳಿದಳು.

“ಸುಮ್ನಿರೇ. ಬಿಟ್ಟರೆ ಎದ್ದುಬಿಡ್ತವೆ.”

ಇಷ್ಟೇ ಕಥೆ. ತಂಡ ಕಟ್ಟಿಕೊಂಡು ಒದ್ದಾಡುವವರು ನಿಮ್ಮ ಪೈಕಿ ಇದ್ದೇ ಇರುತ್ತಾರೆ, ಅವರಿಗೆ ಇದನ್ನು ದಾಟಿಸಿ. ಕಳಿಸುವಾಗ ಅವರನ್ನು ಹೊಗಳಬೇಡಿ, ಹಣ್ಣು ಹಿಡಿದು ಮನೆಗೆ ಬಂದಾರು.